ಮಷೀನ್ ರೂಮಿನ ಪಾರಿವಾಳಗಳು

ಮಾರ್ಚ್ ೩, ಸೋಮವಾರ

ಇವತ್ತೂ ಅಣ್ಣನೇ ಮೇಲೆ ಹೋದರು. ನಾನು ಕೆಳಗೆ ಬಾಗಿಲಿನ ಸೆನ್ಸರ್ ಒರೆಸಿದೆ. ಲಿಫ್ಟ್ ರಿಪೇರಿಯಲ್ಲಿ ನಾವು ಜೋಡಿ. ಅವರು ಸೀನಿಯರ್, ಒಡಹುಟ್ಟಿದವರಲ್ಲ, ಅದಕ್ಕಿಂತ ಹೆಚ್ಚು. ಮಷೀನ್ ರೂಮ್ ಇರುವುದು ಟೆರೇಸ್ ಮೇಲೆ. ಟೆರೇಸ್ ತುಂಬ ಪಾರಿವಾಳ. ಆ ರೆಕ್ಕೆಯ ಪಟಪಟ ಕೇಳಿದರೆ ಸಾಕು — ಬಾಯಿ ಒಣಗುತ್ತದೆ, ಕಾಲು ನನ್ನದಲ್ಲ.

ಹೊರಡುವಾಗ ಅಣ್ಣ ಹೇಳಿದರು. "ಮಂಡಿ ಆಪರೇಷನ್‌ಗೆ ಡೇಟ್ ಕೊಟ್ಟಿದ್ದಾರಮ್ಮ. ಬರೋ ತಿಂಗಳು. ಆಮೇಲೆ ಮೆಟ್ಟಿಲು ಹತ್ತೋ ಹಾಗಿಲ್ಲ."

"ಹಾಗಾದ್ರೆ ನಾನು?"

"ನೀನೇ ಹತ್ತಬೇಕು. ಇಲ್ಲಾಂದ್ರೆ ಆಫೀಸಲ್ಲಿ ಒಂದು ಕುರ್ಚಿ ಕೇಳ್ಕೋ."

ಕುರ್ಚಿ! ಗ್ರೀಸ್ ಮೆತ್ತಿದ ಕೈ ನೋಡಿಕೊಂಡೆ. ಇಲ್ಲ. ಈ ಕೆಲಸ ಬಿಡುವುದಿಲ್ಲ.

ಮಾರ್ಚ್ ೬

ಅತ್ತೆಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಕ್ಕರು ಕೂಡ. "ಬಾವಿಯಂಥ ಲಿಫ್ಟ್ ಗುಂಡಿಗೆ ಇಳೀತೀಯ, ಗುಬ್ಬಚ್ಚಿಯ ನೆಂಟನಿಗೆ ಹೆದರ್ತೀಯಾ?" ಆಮೇಲೆ ಮನಸ್ಸಿನ ಡಾಕ್ಟರ್ ನಂಬರ್ ಹುಡುಕಿದ್ದೂ ಅವರೇ. "ಹಲ್ಲುನೋವಿಗೆ ಹೋಗಲ್ವಾ? ಇದಕ್ಕೂ ಹೋಗು."

ಮಾರ್ಚ್ ೧೧

ಡಾಕ್ಟರಮ್ಮನದು ಜಾಸ್ತಿ ಮಾತಿಲ್ಲ. ಯಾವಾಗಿಂದ ಭಯ? ಗೊತ್ತಿಲ್ಲ. ಕಾರಣ ಸಿಗಲೇಬೇಕಂತಿಲ್ಲ ಎಂದರು.

"ಓಡಿಹೋದ ತಕ್ಷಣ ಏನನ್ಸುತ್ತೆ?"

"ಹೋದ ಜೀವ ಬಂದ ಹಾಗಾಗುತ್ತೆ."

"ಅದೇ ಭಯಕ್ಕೆ ಊಟ. ಓಡಿದ್ದಕ್ಕೇ ಉಳ್ಕೊಂಡೆ ಅಂತ ಮನಸ್ಸು ಕಲಿತುಬಿಡುತ್ತೆ. ನಿಂತು ನೋಡಿ. ಭಯ ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ."

ಏರುವುದು, ಇಳಿಯುವುದು — ನನ್ನ ಕಸುಬೇ ಅದು.

ಪಾರಿವಾಳದ ಫೋಟೋದಿಂದ ಶುರು. ಆ ಕೆಂಪು ಕಣ್ಣು... ಥೂ. ಬೆವೆತೆ. ಆದರೆ ಫೋನ್ ಮಗುಚಿ ಇಡಲಿಲ್ಲ.

ಮಾರ್ಚ್ ೧೯

ಫೋಟೋ ನೋಡಿ ನೋಡಿ ಬೇಜಾರು ಬಂದಿದೆ. ಈಗ ವಿಡಿಯೊ, ಶಬ್ದದ ಸಮೇತ. ಅಡುಗೆಮನೆಯಿಂದ ಅತ್ತೆ: "ಸೌಂಡ್ ಜಾಸ್ತಿ ಮಾಡೇ, ನಾನೂ ಒಂಚೂರು ಧೈರ್ಯ ಕಲೀತೀನಿ."

ಮಾರ್ಚ್ ೨೭

ಡಾಕ್ಟರಮ್ಮನ ಜೊತೆ ಪಾರ್ಕಿಗೆ. ಬೆಂಚಿನ ಮೇಲೆ ಕೂತಿದ್ದೆ. ಇಡೀ ಹಿಂಡು ಒಮ್ಮೆಲೇ ಮೇಲೆದ್ದಿತು. ಗೇಟಿನ ಹೊರಗೆ ನಿಂತ ಮೇಲೇ ಗೊತ್ತಾಗಿದ್ದು, ಓಡಿಬಂದಿದ್ದೇನೆಂದು. ಒಂದು ಚಪ್ಪಲಿ ಅಲ್ಲೇ. ಅವರೇ ಎತ್ತಿ ತಂದರು. "ವಾಪಸ್ ಹೋಗೋಣ್ವಾ?"

ಅಳು ಬಂತು. ಅಳುತ್ತಲೇ ಹೋದೆ. ಅದೇ ಬೆಂಚು. ಎದೆ ತಣ್ಣಗಾಗುವ ತನಕ ಏಳಲಿಲ್ಲ.

ಏಪ್ರಿಲ್ ೧೪

ಅಣ್ಣನ ಆಪರೇಷನ್ ಆಯಿತು. ಆರಾಮಾಗಿದ್ದಾರೆ. ಇನ್ನು ನಾನೊಬ್ಬಳೇ. ದಿನವೂ ಕೆಲಸ ಮುಗಿದ ಮೇಲೆ ಟೆರೇಸ್ ಬಾಗಿಲು ತೆರೆದು ನಿಲ್ಲುತ್ತೇನೆ. ಇವತ್ತು ಬಾಗಿಲಾಚೆ ಹೋದೆ. ಮಷೀನ್ ರೂಮಿನ ಒಳಗೆ ಮಾತ್ರ ಇನ್ನೂ ಇಲ್ಲ; ಪುಣ್ಯಕ್ಕೆ ಇಲ್ಲಿಯತನಕ ಬಂದದ್ದೆಲ್ಲ ಕೆಳಗಿನ ರಿಪೇರಿಯೇ.

ಏಪ್ರಿಲ್ ೨೩, ಸಂಜೆ

ಇವತ್ತು ಅಕ್ಷರ ಸೊಟ್ಟಪಟ್ಟ. ಮಾರುಕಟ್ಟೆ ಹಿಂದಿನ ಕಟ್ಟಡ — ಕರೆಂಟ್ ಹೋಗಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೊಬ್ಬ ಅಜ್ಜ, ಒಂದೇ ಕೂಗಾಟ. ಮೇಲೆ ಹೋಗಿ ಕೈಯಿಂದಲೇ ಇಳಿಸಬೇಕು.

ಮಷೀನ್ ರೂಮಿನ ಕಿಟಕಿ ಗಾಜು ಒಡೆದಿದೆ. ಒಳಗೆಲ್ಲ ಅವೇ. ಬಾಗಿಲು ತೆಗೆದದ್ದೇ ತಡ, ರೆಕ್ಕೆಗಳ ಬಿರುಗಾಳಿ. ಒಂದು ನನ್ನ ಭುಜಕ್ಕೆ ಬಡಿದು ಹೋಯಿತು. ಗೋಡೆ ಹಿಡಿದೆ. "ಸುಮ್ನಿರು!" ಎಂದು ಕೂಗಿದೆ — ಅವಕ್ಕೋ, ನನ್ನ ಕಾಲಿಗೋ. ಭಯ ಏರಿತು, ಏರಿತು... ನಿಂತೇ ಇದ್ದೆ. ಇಳಿಯತೊಡಗಿತು. ಪೂರ್ತಿ ಇಳಿಯಲೆಂದು ಕಾಯಲಿಲ್ಲ. ಮೈನ್ ಸ್ವಿಚ್ ಆಫ್ ಮಾಡಿ, ಬ್ರೇಕ್ ಸಡಿಲಿಸಿ, ಚಕ್ರ ತಿರುಗಿಸಿ ಲಿಫ್ಟನ್ನು ಕೆಳಗಿನ ಮಹಡಿಗೆ ಇಳಿಸಿದೆ. ತಲೆಯ ಮೇಲಿನ ಪೈಪಿನಲ್ಲಿ ಕೂತ ಪಾರಿವಾಳಗಳ ಗುಟುಗುಟು ನಡೆದೇ ಇತ್ತು.

ಅಜ್ಜ ಹೊರಬಂದವರೇ, "ಇಷ್ಟು ಹೊತ್ತಾ ತಾಯಿ?"

"ಮೇಲೆ ಸ್ವಲ್ಪ ಜನ ಇದ್ರು ತಾತ, ದಾರಿ ಬಿಡಿಸ್ಬೇಕಾಯ್ತು."

ಅಣ್ಣನಿಗೆ ಫೋನ್ ಮಾಡಿದೆ. ಎಲ್ಲ ಕೇಳಿದರು. ಶಭಾಷ್ ಅನ್ನಲಿಲ್ಲ. "ಚಕ್ರ ಬಿಗಿ ಇತ್ತಾ? ಎಣ್ಣೆ ಬಿಡು" ಎಂದರು.

ಮೇ ೪, ಭಾನುವಾರ, ಬೆಳಿಗ್ಗೆ

ರಜೆ. ಆದರೂ ನಮ್ಮದೇ ಮನೆಯ ಟೆರೇಸ್ ಹತ್ತಿದೆ. ಕೆಲಸವಿದ್ದಾಗ ನಿಲ್ಲುವುದು ಬೇರೆ, ಸುಮ್ಮನೆ ಕೂರುವುದು ಬೇರೆ ಎಂದಿದ್ದಾರೆ ಡಾಕ್ಟರಮ್ಮ. ನೀರಿನ ಟ್ಯಾಂಕಿಗೆ ಒರಗಿದ್ದೇನೆ. ಡೈರಿ ತೊಡೆಯ ಮೇಲೆ. ಎಡಗೈಯಲ್ಲಿ ಕಾಳು.

ಎದೆ ಹೊಡೆದುಕೊಳ್ಳುತ್ತಿದೆ. ಹೊಡೆದುಕೊಳ್ಳಲಿ. ಬೂದುಬಣ್ಣದ್ದೊಂದು ಕತ್ತು ಕೊಂಕಿಸುತ್ತ ಬರುತ್ತಿದೆ. ನಿಂತಿತು. ಮತ್ತೆ ಬರುತ್ತಿದೆ. ಕಾಲಿನ ಹತ್ತಿರ. ನಾನು ಏಳುವುದಿಲ್ಲ. ಅಂಗೈ ಬಿಚ್ಚಿದ್ದೇನೆ. ಏಳುವುದಿಲ್ಲ. ಕೊಕ್ಕು—