‘ಮತ’ ಎಂಬ ಎರಡಕ್ಷರ

ಹ್ಯಾರೋ
೧೪ ಮಾರ್ಚ್ ೨೦೨೫

ಬೀಗಿತ್ತಿ ವತ್ಸಲಾ ಅವರಿಗೆ ಗಿರಿಜಾದೇವಿಯ ನಮಸ್ಕಾರಗಳು.

ಮೊಮ್ಮಗಳು ಮಾಳವಿಕಾ ನಾಲ್ಕು ದಿನಗಳಿಂದ ಏಕೆ ಫೋನ್ ಮಾಡಿಲ್ಲವೆಂದು ನನ್ನ ಮಗಳನ್ನು ಕೇಳಿದಿರಂತೆ. ಕಾರಣ ಅವಳಿಗೆ ತಿಳಿಯದು. ನನಗೆ ತಿಳಿದಿದೆ.

ಮಧ್ಯಯುಗದ ನಂತರ ಇಂಗ್ಲಿಷರ ಬಾಳು, ಚಿಂತನೆ ಹೇಗೆ ಬದಲಾದವೆಂದು ಅವಳು ತರಗತಿಯಲ್ಲಿ ಮಾತನಾಡಬೇಕಿತ್ತಷ್ಟೆ. ಅದೇ ಪಾಠವನ್ನು ಧಾರವಾಡದಲ್ಲಿ ಮೂವತ್ತನಾಲ್ಕು ವರ್ಷ ಕನ್ನಡದಲ್ಲಿ ಹೇಳಿದವಳು ಪಕ್ಕದ ಕೋಣೆಯಲ್ಲೇ ಇದ್ದೆ. ಅವಳು ಸಂಜೆ ಸಂಜೆ ಫೋನಿನಲ್ಲಿ ಕೇಳಿದ್ದು ಕಿಂಗ್ಸ್‌ಬರಿಯ ನಿಮ್ಮನ್ನು, ಕಾನ್ವೆಂಟಿನಲ್ಲಿ ಕಲಿತವರನ್ನು. ನಿಮ್ಮಿಬ್ಬರ ನಗು ಗೋಡೆ ದಾಟಿ ಬರುತ್ತಿತ್ತು.

ಒಮ್ಮೆ ಮಾತ್ರ ನಿಮ್ಮ ಫೋನ್ ಸಿಗಲಿಲ್ಲ. ಬಾಗಿಲಲ್ಲೇ ನಿಂತು, “ಅಜ್ಜಿ, ರಿಫಾರ್ಮೇಶನ್ ಅಂದ್ರೇನು? ಕ್ವಿಕ್ಕಾಗಿ ಹೇಳಿ” ಎಂದಳು. ಮತಸುಧಾರಣೆ ಎಂದೆ. ವಿವರಿಸುವ ಮೊದಲೇ ಹೊರಟುಹೋದಳು. ನಾನು ನೋಡುವ ಚುನಾವಣಾ ಸುದ್ದಿಯಿಂದ ಅವಳು ಕಲಿತ ‘ಮತ’ವೆಂದರೆ ಓಟು. ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷರು ಓಟು ಹಾಕುವ ಕ್ರಮವನ್ನು ಸುಧಾರಿಸಿದರೆಂದು ಬರೆದುಬಿಟ್ಟಳು.

ಆ ಹಾಳೆ ಮರುದಿನ ಊಟದ ಮೇಜಿನ ಮೇಲೆ ಕಂಡಿತು. ಕೆಂಪು ಪೆನ್ನು ನನ್ನ ಕೈಯಲ್ಲಿತ್ತು. ಹಾಳೆಯ ಕೊನೆಯಲ್ಲಿ, ಸಹಾಯ ಮಾಡಿದವರು ವತ್ಸಲಾ ಅಜ್ಜಿ ಎಂದಿತ್ತು. ಪೆನ್ನಿಗೆ ಮುಚ್ಚಳ ಹಾಕಿದೆ.

ತರಗತಿ ನಕ್ಕಿತು. ಮಗು ಮನೆಗೆ ಬಂದು, “ವತ್ಸಲಾ ಅಜ್ಜಿಗೆ ಫೋಟೋ ಕಳಿಸಿದ್ದೆ. ಲವ್ಲಿ ಅಂದ್ಬಿಟ್ರು, ಓದ್ಲೇ ಇಲ್ಲ” ಎಂದು ಅತ್ತಳು. ನಾನು ಅವಳ ತಲೆ ಬಾಚಿದೆ, ಬಾಯಿ ಬಿಡಲಿಲ್ಲ. ಅಂದಿನಿಂದ ಪುಸ್ತಕ ಹಿಡಿದು ನನ್ನ ಕೋಣೆಗೇ ಬರುತ್ತಿದ್ದಾಳೆ. ಮೂರು ದಿನ ಸುಖವಾಗಿದ್ದೆ.

ನಿನ್ನೆ ಅವಳಿಗೆ ಹೇಳುತ್ತಿದ್ದೆ: ಮೊದಲು ಜನ ತಮ್ಮ ಪಾಪವನ್ನು ಪಾದ್ರಿಯ ಕಿವಿಯಲ್ಲಿ ಹೇಳುತ್ತಿದ್ದರು, ಆಮೇಲೆ ಧರ್ಮಗ್ರಂಥವನ್ನು ಮನೆಮಾತಿನಲ್ಲೇ ಓದತೊಡಗಿದ ಬಹುಮಂದಿ ತಮ್ಮ ಮನಸ್ಸಾಕ್ಷಿಗೆ ತಾವೇ ಉತ್ತರ ಕೊಡಬೇಕಾಯಿತು. “ಹಾಗಾದ್ರೆ ಯಾರಿಗೂ ಗೊತ್ತೇ ಆಗಲ್ಲ. ವೆರಿ ಕನ್ವೀನಿಯಂಟ್, ಅಜ್ಜಿ” ಎಂದಳು. ಪಾಠ ಮುಂದೆ ಸಾಗಲಿಲ್ಲ.

ಕಂಡೂ ತಿದ್ದದ ತಪ್ಪು ನನ್ನದು. ಓದದೆ ಲವ್ಲಿ ಎಂದದ್ದು ನಿಮ್ಮದು. ಅದನ್ನು ಬರೆಯದೆ ಇರಲಾರೆ.

ಇತಿ,
ನಿಮ್ಮ ಮೊಮ್ಮಗಳ ಇನ್ನೊಬ್ಬ ಅಜ್ಜಿ,
ಗಿರಿಜಾದೇವಿ

ತಾ.ಕ.: ಈ ಪತ್ರವನ್ನು ನಾಳೆ ೧೮೩ನೆಯ ಬಸ್ಸಿನಲ್ಲಿ ಮಾಳವಿಕಾಳೇ ತರುತ್ತಾಳೆ. ಅವಳಿಗೆ ಕನ್ನಡ ಓದಲು ಬಾರದು, ಆದ್ದರಿಂದ ಲಕೋಟೆಗೆ ಅಂಟು ಹಾಕಿಲ್ಲ. ನನ್ನ ಬಾಯಿಂದ ಹೊರಡದ್ದನ್ನು ನೀವು ಅವಳಿಗೆ ಓದಿ ಹೇಳಿ, ಒಂದು ಪದವನ್ನೂ ಬಿಡದೆ. ಆದರೆ ಧರ್ಮಕ್ಕೂ ಓಟಿಗೂ ಕನ್ನಡದಲ್ಲಿ ಒಂದೇ ಶಬ್ದ ಏಕೆಂದು ಕೇಳಿದರೆ ದಯವಿಟ್ಟು ಉತ್ತರಿಸಬೇಡಿ. ಅದಕ್ಕೆ ಅವಳನ್ನು ನನ್ನ ಬಳಿ ಕಳಿಸಿ.