ಮೈಲವ್ವನ ಅಂಗಾಲು

ಸೆಪ್ಟೆಂಬರ್ 9, ಮುಂಜಾನೆ
ಇವತ್ತೂ ಚೆಂಡು ಹೋಗಲಿಲ್ಲ. ಮಣ್ಣು ಹೋಯಿತು — ಬಹಳ ದೂರ. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪ್ ಮಾಡಿ ಒಂದಕ್ಷರ ತಪ್ಪದ ಕೈಗಳಿಗೆ ರಿಟೈರ್ ಆದಮೇಲೆ ಈ ಅವಮಾನ. ಹಾವೇರಿಯ ಸಾರ್ವಜನಿಕ ಗಾಲ್ಫ್ ಮೈದಾನ: ಟಿಕೆಟ್ ಮೂವತ್ತು ರೂಪಾಯಿ, ಮರ್ಯಾದೆ ಕಳೆಯುವುದು ಫ್ರೀ. ಮನೆಯಾಕೆ ಜ್ಯೋತಿಲಕ್ಷ್ಮಿ: "ಹೊಲಕ್ಕ ಹೋದೋರು ಕಾಳು ತರ್ತಾರ. ನೀವು ಹುಲ್ಲಾಗ ಹೋಗಿ ಏನ್ ತಂದ್ರಿ?"

ಸೆಪ್ಟೆಂಬರ್ 13
ಕಳೆ ಕೀಳುವ ಮೈಲವ್ವ ಸಂಜೆ ಆಡುತ್ತಾಳೆ. ಕೆಲಸದವರಿಗೆ ಟಿಕೆಟ್ ಬೇಕಿಲ್ಲ. ಗುಂಡಿಯ ಸುತ್ತಲಿನ ನುಣ್ಣನೆ ಹುಲ್ಲಿಗೆ ಬಂದವಳೇ ಚಪ್ಪಲಿ ಬಿಟ್ಟಳು — ಕಣಕ್ಕೆ ಕಾಲಿಡುವವರ ಹಾಗೆ. ಬರಿಗಾಲಲ್ಲಿ ಒಂದು ಸುತ್ತು. ಆಮೇಲೆ ಗುಂಡಿ ಬಿಟ್ಟು ಬೇರೆಲ್ಲಿಗೋ ಹೊಡೆದಳು. ಪಾಪ ಅಂದುಕೊಂಡೆ. ಚೆಂಡು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ, ತಿರುಗಿ, ಗುಂಡಿಗಿಳಿಯಿತು.
ಟೋಪಿ ತೆಗೆದೆ. ಬ್ಯಾಡಗಿಯಲ್ಲಿ ಇಪ್ಪತ್ತು ವರ್ಷ ಮೆಣಸಿನಕಾಯಿ ಒಣಹಾಕಿದ್ದಾಳಂತೆ. ಕಣದಲ್ಲಿ ಬೆರಳಷ್ಟು ತಗ್ಗಿದ್ದರೂ ನೀರು ನಿಂತು ಕಾಯಿ ಕೊಳೆಯುತ್ತದೆ. ತಗ್ಗು ಹುಡುಕುವುದು ಕಾಲಿನ ಕೆಲಸ.
"ಕಣ್ಣು ಸುಳ್ಳ ಹೇಳ್ತಾವರಿ ಸಾಹೇಬ್ರ. ಅಂಗಾಲು ಹೇಳಂಗಿಲ್ಲ."

ಸೆಪ್ಟೆಂಬರ್ 26
ಕಳೆ ಗುತ್ತಿಗೆ ನಾಳೆ ಮುಗಿಯುತ್ತದಂತೆ. ಆಮೇಲೆ ದಿನಾ ಟಿಕೆಟ್ ಮೈಲವ್ವನ ಕೈಲಾಗದ ಮಾತು. ರವಿವಾರದ ಪಂದ್ಯ ಗೆದ್ದವರಿಗೆ ವರ್ಷದ ಪಾಸು. ಹೆಸರು ಕೊಟ್ಟಿದ್ದಾಳೆ. ಸೆಕ್ರೆಟರಿ ಹನುಮೇಶ ಬೂಟಿಲ್ಲದೆ ಆಡಿಸುವುದಿಲ್ಲ ಅಂದ. ಜ್ಯೋತಿಲಕ್ಷ್ಮಿ ತನ್ನ ವಾಕಿಂಗ್ ಬೂಟು ಕೊಟ್ಟಳು. ಮನೆಯಲ್ಲಿ ಒಬ್ಬರ ಬೂಟಾದರೂ ಗುಂಡಿಯ ಮುಖ ನೋಡಲಿ ಅಂತ.

ಸೆಪ್ಟೆಂಬರ್ 28, ರವಿವಾರ, ಮಧ್ಯಾಹ್ನ
ಅಂಕ ಬರೆಯುವ ಹುದ್ದೆ ನನ್ನದು. (ಆಡುವುದಕ್ಕಿಂತ ಘನತೆಯದು.)
ಬೂಟು ಹಾಕಿದ ಮೈಲವ್ವ ಕಣ್ಣಿಗೆ ಪಟ್ಟಿ ಕಟ್ಟಿದವಳ ಹಾಗೆ... ಆದರೂ ದೂರದ ಹೊಡೆತಗಳ ದಯೆಯಿಂದ ಕಾಲೇಜು ಮೇಷ್ಟ್ರು ಮೈಲೇಶರಿಗೆ ಸಮ. ಕೊನೆಯ ಗುಂಡಿ. ಮೇಷ್ಟ್ರು ಆಗಲೇ ಮುಗಿಸಿದ್ದರು; ಇದೊಂದು ಬಿದ್ದರೆ ಪಾಸು ಆಕೆಯದು, ತಪ್ಪಿ ಸಮವಾದರೆ ಮೊದಲು ಹೆಸರು ಕೊಟ್ಟ ಮೇಷ್ಟ್ರದು.
ಬೂಟು ಬಿಚ್ಚಿದಳು. ಹನುಮೇಶ ಕೈ ಎತ್ತಿದ. ನಿಯಮದ ಹಾಳೆ ಎರಡು ಸಲ ಓದಿದ.
"ನಡಿಯಾಕ ಬರಿಗಾಲು ನಡೀತೈತಿ. ಹೊಡಿಯಾಕ ಮಾತ್ರ ಬೂಟು ಬೇಕವ್ವ."
ಕಣ್ಣು ಮುಚ್ಚಿ ಒಂದು ಸುತ್ತು ನಡೆದಳು. ಒಂದು ಕಡೆ ನಿಂತಳು. ಬೂಟು ಹಾಕಿ, ಲೇಸು ಕಟ್ಟಿ, ಗುಂಡಿಯಿಂದ ಒಂದು ಮೊಳ ಆಚೆಗೆ ಹೊಡೆದಳು. ಚೆಂಡು ಹೋಯಿತು, ಹೋಯಿತು, ತಿರುಗಿತು... ಬಿತ್ತು.
ಯಾರೂ ಚಪ್ಪಾಳೆ ತಟ್ಟಲಿಲ್ಲ, ಮರೆತೇಬಿಟ್ಟರು. ಮೇಷ್ಟ್ರು ಕೈ ಮುಗಿದರು. ಹನುಮೇಶ ತನ್ನ ಬೂಟು ಬಿಚ್ಚಿ ಅದೇ ಜಾಗದಲ್ಲಿ ಕಣ್ಣು ಮುಚ್ಚಿ ನಿಂತ. ಅವನಿಗೆ ನೆಲ ಏನೂ ಹೇಳಿದ ಹಾಗೆ ಕಾಣಲಿಲ್ಲ.
ಪಾಸು ಸೆರಗಿಗೆ ಕಟ್ಟಿಕೊಂಡ ಮೈಲವ್ವ ಕೇಳಿದಳು, ನಾಳೆ ಆಡುವವರಿಗೆ ಗೇಟು ಎಷ್ಟಕ್ಕ ತೆಗೀತೀರಿ ಅಂತ. ಆರಕ್ಕೆ ಅಂದ ಹನುಮೇಶ. ಇಷ್ಟು ದಿನ ಮುಂಜಾನೆ ಐದಕ್ಕೇ ಕಳೆ ತೆಗೆಯುವ ಕುರ್ಚಿಗಿ ಹಿಡಿದು ಒಳಗೆ ಬಂದವಳು.
"ಹಂಗಾರ ಆರಕ್ಕ ಬರ್ತೇನಿ."
ಅಂಕದ ಕಾರ್ಡಿಗೆ ನಾನು ಸಹಿ ಹಾಕಬೇಕಿತ್ತು. ಮೂವತ್ತು ವರ್ಷ ಒಂದಕ್ಷರ ತಪ್ಪದ ಈ ಕೈ ನನ್ನ ಹೆಸರಿನಲ್ಲೇ ಒಂದಕ್ಷರ ನುಂಗಿತು.