ನೆಲಮಾಳಿಗೆಯಲ್ಲಿ ಬಿಟ್ಟು ಹೊರಟ ಅಂಗಿ

ಮಗಳೇ ಇಫ್ರಾ,

ನೀನು ಕೊಂಡ ಈ ಮನೆಯ ಬೀಗದ ಕೈ ನಾಳೆ ನಿನ್ನ ಕೈಸೇರುತ್ತದೆ. ಅದಕ್ಕೂ ಮೊದಲು ನಿನಗೊಂದು ವಿಷಯ ಹೇಳಬೇಕು. ಹೇಳದೆ ಹೋದರೆ ನನಗೆ ಅನ್ನ ಇಳಿಯುವುದಿಲ್ಲ. ನಾನು ನಮ್ಮ ಹ್ಮಾಂಗ್ ಜನರ ಮಾತಿನಲ್ಲಿ ಹೇಳುತ್ತೇನೆ, ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. "ಅಜ್ಜೀ, ಇಷ್ಟುದ್ದ ಯಾರು ಓದ್ತಾರೆ?" ಎಂದು ಈಗಲೇ ರಾಗ ಎಳೆಯುತ್ತಿದ್ದಾಳೆ. ನೀನು ಓದುತ್ತೀಯ, ನನಗೆ ಗೊತ್ತು.

ನೆಲಮಾಳಿಗೆಯಲ್ಲಿ ನಡುಗಂಬದ ಬುಡಕ್ಕೆ ಬೇರೆ ಬಣ್ಣದ ಸಿಮೆಂಟಿನ ತೇಪೆಯೊಂದಿದೆ, ನೋಡಿರಬೇಕು. ಮನೆ ಮಾರಿಸಿಕೊಡುವ ಹುಡುಗಿ ಬಂದು, "ನೀರು ಸೋರತ್ತಾ? ಗೆದ್ದಲು ಇದೆಯಾ? ಕೊಳ್ಳೋರಿಗೆ ತಿಳಿಸಬೇಕಾದ್ದು ಇನ್ನೇನಾದ್ರೂ ಇದೆಯಾ?" ಎಂದು ಕೇಳಿದಳು. ನಾನು ಇದ್ದದ್ದು ಇದ್ದ ಹಾಗೆ, "ಇದೆ ಕಣಮ್ಮ, ನನ್ನ ಮಗನ ಮಾಸು ಕಂಬದ ಹತ್ರ ಹೂತಿದ್ದೀವಿ" ಎಂದೆ. ಪಕ್ಕದಲ್ಲಿದ್ದ ನನ್ನ ಮಗ ಫೆಂಗ್ ಹಣೆ ಚಚ್ಚಿಕೊಂಡು ಅವಳಿಗೆ ಇಂಗ್ಲಿಷಿನಲ್ಲಿ, "ಏನೂ ಇಲ್ಲವಂತೆ" ಎಂದುಬಿಟ್ಟ. ಎಂಥ ದುಭಾಷಿ ನೋಡು!

ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಮಾಸನ್ನು ನಮ್ಮಲ್ಲಿ ಎಸೆಯುವುದಿಲ್ಲ. ಅದು ಮಗು ತೊಟ್ಟ ಮೊದಲ ಅಂಗಿ. ಗಂಡಾದರೆ ಮನೆಯ ನಡುಗಂಬದ ಬುಡದಲ್ಲಿ, ಹೆಣ್ಣಾದರೆ ಹೆತ್ತವರ ಮಂಚದ ಕೆಳಗೆ ಹೂಳುತ್ತೇವೆ. ಸತ್ತ ಮೇಲೆ ಜೀವ ತಾನು ಬಾಳಿದ ಒಂದೊಂದು ಊರಿಗೂ ಹಿಂದಕ್ಕೆ ನಡೆದು, ಆ ನೆಲಕ್ಕೆ ಕೈಮುಗಿದು, ಕಡೆಗೆ ಹುಟ್ಟಿದ ಮನೆಗೆ ಬಂದು ಆ ಅಂಗಿ ತೊಟ್ಟುಕೊಳ್ಳಬೇಕು. ಆಮೇಲೆಯೇ ಹಿರಿಯರ ಬಳಿಗೆ ದಾರಿ. ಅಂಗಿ ಸಿಗದಿದ್ದರೆ ಅಲೆದಾಟವೇ ಗತಿ.

ನನ್ನದು ಲಾವೋಸಿನ ಬೆಟ್ಟದಲ್ಲಿದೆ. ಅಮೆರಿಕದ ಈ ಸೇಂಟ್ ಪಾಲ್ ಊರು ಬಿಟ್ಟು, ಥಾಯ್ಲೆಂಡಿನ ನಿರಾಶ್ರಿತರ ಶಿಬಿರ ಹಾದು, ಮೆಕಾಂಗ್ ಹೊಳೆ ದಾಟಿ, ಯುದ್ಧದಲ್ಲಿ ಸುಟ್ಟುಹೋದ ಹಳ್ಳಿಯಲ್ಲಿ ನಮ್ಮ ಮನೆ ಎಲ್ಲಿತ್ತೆಂದು ನಾನು ಹುಡುಕಬೇಕು. ಅದೂ ಈ ಮಂಡಿನೋವು ಇಟ್ಟುಕೊಂಡು! ಫೆಂಗ್‌ಗೆ ಆ ಪಾಡಿಲ್ಲ. ಅವನು ಇಲ್ಲಿಗೆ ಬರುವ ಪೇನ್ ಅವೆನ್ಯೂ ಬಸ್ಸು ಹತ್ತಿದರೆ ಸಾಕು.

ಅವನು ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ, ಕೊರೆಯುವ ಜನವರಿಯಲ್ಲಿ. ಮಾಸು ಮನೆಗೆ ಬೇಕೆಂದಾಗ ನರ್ಸಮ್ಮ ಕಣ್ಣು ಕಣ್ಣು ಬಿಟ್ಟಳು, ಆದರೂ ಪುಣ್ಯಾತ್ಗಿತ್ತಿ ಕೊಟ್ಟಳು. ಐಸ್‌ಕ್ರೀಮಿನ ಖಾಲಿ ಬಕೆಟ್ಟಿನಲ್ಲಿಟ್ಟುಕೊಂಡು ನನ್ನ ಯಜಮಾನರು ಬಸ್ಸಿನಲ್ಲೇ ತಂದರು. ಆಗ ಇದು ಬಾಡಿಗೆ ಮನೆ. ಮಾಲೀಕನಿಗೆ ಹೇಳದೆ ಹಾರೆಯಿಂದ ನೆಲ ಒಡೆದು, ಹೂತು, ಸಿಮೆಂಟು ಮೆತ್ತಿದರು. ಆಮೇಲೆ ಹೊಟ್ಟೆಬಟ್ಟೆ ಕಟ್ಟಿ ಇದೇ ಮನೆ ಕೊಂಡೆವು. ಬೇರೆ ಮನೆ ಇರಲಿಲ್ಲವೆಂದಲ್ಲ, ಮಗನ ಅಂಗಿ ಇದ್ದದ್ದು ಇಲ್ಲಿ.

ಶಾಲೆಯಲ್ಲಿ ಹುಡುಗರು ಫೆಂಗ್‌ನನ್ನು, "ನಿಜವಾಗ್ಲೂ ನಿಂದು ಯಾವ ಊರೋ?" ಎಂದು ಕಾಡುತ್ತಿದ್ದರು. ಅವನು ಬಂದು ನನ್ನನ್ನು ಕೇಳುತ್ತಿದ್ದ. ನಮ್ಮ ಹ್ಮಾಂಗ್ ಜನಕ್ಕೆ ದೇಶವೆನ್ನುವುದು ಒಂದಿದ್ದರೆ ತಾನೇ ಹೇಳುವುದಕ್ಕೆ! ಕೈಹಿಡಿದು ನೆಲಮಾಳಿಗೆಗೆ ಕರೆದೊಯ್ದು, "ಇದೇ ನಿನ್ನೂರು, ಈ ಕಂಬದ ಬುಡ" ಎಂದು ತೋರಿಸಿದ್ದೆ.

ದೊಡ್ಡವನಾಗಿ ಅವನು ಚರ್ಚು ಸೇರಿದ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. "ನಾನು ಯೇಸು ಹತ್ರ ಹೋಗ್ತೀನಮ್ಮ, ನಂಗೆ ಅಂಗಿಪಂಗಿ ಏನೂ ಬೇಡ" ಎಂದ. "ಹೋಗು ಮಹರಾಯ, ಬರಿಮೈಲಿ ಹೋಗು! ಮಿನೆಸೋಟದ ಚಳೀಲಿ ಎಷ್ಟು ದೂರ ಹೋಗ್ತೀಯೋ ನಾನೂ ನೋಡ್ತೀನಿ" ಎಂದೆ. ಜೋರು ಮಾಡಿದೆನೇ ಹೊರತು ಒಳಗೆ ಭಯ. ಅವನಪ್ಪ ತೀರಿಕೊಂಡಾಗ, ಜೀವಕ್ಕೆ ದಾರಿ ತೋರುವ ಹಾಡು ಒಳಗೆ ನಡೆದಿದ್ದರೆ ಇವನು ಹೊರಗೆ ಕಾರಿನಲ್ಲಿ ಕೂತಿದ್ದ. ನಾಳೆ ಇವನ ಜೀವ ಎಲ್ಲಿ ಅಲೆಯುತ್ತದೋ ಎಂದು ನಾನು ಅತ್ತದ್ದು ಯಾರಿಗೂ ಗೊತ್ತಿಲ್ಲ.

ಈಗ ನನಗೆ ಮೆಟ್ಟಿಲು ಹತ್ತಲಾಗದು. ಫೆಂಗ್ ತನ್ನ ಮನೆಗೆ ಕರೆದೊಯ್ಯುತ್ತಿದ್ದಾನೆ, ಈ ಮನೆ ಮಾರಲೇಬೇಕಾಯಿತು. ನಿನಗಿಂತ ಮೊದಲು ಒಬ್ಬ ಆಸಾಮಿ ಬಂದಿದ್ದ, ಮನೆಗಳನ್ನು ಕೊಂಡು ಒಡೆದು ಕಟ್ಟಿ ಬಾಡಿಗೆಗೆ ಬಿಡುವವನು. ಕೇಳಿದ್ದಕ್ಕಿಂತ ಹೆಚ್ಚು ಕೊಡಲು ತಯಾರಿದ್ದ. ನೆಲಮಾಳಿಗೆಗೆ ಇಳಿದವನೇ ಆ ತೇಪೆಯನ್ನು ಬೂಟುಗಾಲಿನಿಂದ ಕುಟ್ಟಿ, "ಇದನ್ನೆಲ್ಲ ಅಗೆಸಿ ಹಾಕ್ತೀನಿ, ಕೆಳಗೆ ಎರಡು ರೂಮು ಏಳತ್ತೆ" ಎಂದ. ನಾನು ಮೆಟ್ಟಿಲ ತಲೆಯಲ್ಲಿ ನಿಂತು ನೋಡುತ್ತಿದ್ದೆ. ಬೇಡವೆನ್ನಲು ನನಗೆ ಧೈರ್ಯವಾಗಲಿಲ್ಲ. ಆ ಅಂಗಿ ಬೇಡವೆಂದವನು ಮಗನೇ ಅಲ್ಲವೇ?

ಆಗ ಫೆಂಗ್ ಬಾಯಿಬಿಟ್ಟ. ಇರುವೆಗೂ ಗದರದ ಪ್ರಾಣಿ ಅದು. "ಆ ಕಾಲು ತೆಗೀರಿ. ಅಲ್ಲಿ ನಂದೊಂದು ಸಾಮಾನಿದೆ. ಮನೆ ನಿಮಗೆ ಕೊಡಲ್ಲ" ಎಂದ.

ಆ ಆಸಾಮಿಯನ್ನು ಕಳಿಸಿ ಬಂದು ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಕೂತ. ನಾನು ಅನ್ನಕ್ಕೆ ಸಾಸಿವೆ ಸೊಪ್ಪಿನ ಸಾರು ಬಡಿಸಿದೆ. ಎರಡು ತುತ್ತು ಉಂಡು, "ಸ್ವರ್ಗಕ್ಕೆ ಹೋಗ್ತಾ ದಾರೀಲಿ ಒಂದು ಗಳಿಗೆ ಇಲ್ಲಿಳಿದು ಹೋಗ್ತೀನಿ ಬಿಡಮ್ಮ. ಯೇಸು ಏನೂ ಅಂದ್ಕೊಳ್ಳಲ್ಲ" ಎಂದ. ನಾನು ಇನ್ನೊಂದು ಸೌಟು ಸಾರು ಹಾಕಿದೆ.

ಮಾರನೆಯ ವಾರ ನೀನು ನಿನ್ನಮ್ಮನ ಜೊತೆ ಬಂದೆ. ಆಕೆ ಒಡೆಯುವ ಮಾತಾಡಲಿಲ್ಲ. ಗೋಡೆ ಸವರಿ, ನಮಾಜಿಗೆ ಯಾವ ದಿಕ್ಕಾಗುತ್ತದೆಂದು ಮೂಲೆ ಮೂಲೆ ನೋಡಿದಳು. ಸೊಮಾಲಿಯಾದಿಂದ ಅಷ್ಟು ದೂರ ಬಂದು ನೆಲ ಹುಡುಕುವವಳ ನೋಟ ಅದು, ನನಗೆ ತಿಳಿಯದೇ? ಫೆಂಗ್ ನನ್ನ ಮುಖ ನೋಡಿದ, ನಾನು ಆಗಲಿ ಎಂದು ತಲೆಯಾಡಿಸಿದೆ.

ನಿನ್ನ ನಂಬಿಕೆ ನಿನಗೆ, ಮಗಳೇ. ನನ್ನದನ್ನು ನಂಬು ಎನ್ನುವುದಿಲ್ಲ. ಆ ಕಂಬದ ಬುಡ ಮಾತ್ರ ಅಗೆಸಬೇಡ. ಅದರ ಮೇಲೆ ಅಕ್ಕಿಮೂಟೆ ಇಡು, ಬಟ್ಟೆ ಒಗೆಯುವ ಯಂತ್ರ ಇಡು, ತೊಂದರೆಯಿಲ್ಲ. ಎಷ್ಟೋ ವರ್ಷದ ಮೇಲೆ, ಅವನು ತುಂಬು ಆಯುಸ್ಸು ಬಾಳಿ ಮುಗಿಸಿದ ದಿನ, ನನ್ನ ಮಗ ಬರುತ್ತಾನೆ. ಬಾಗಿಲು ತೆಗೆಯುವುದೂ ಬೇಡ, ದೀಪ ಹಾಕುವುದೂ ಬೇಡ. ಅವನಿಗೆ ಈ ಮನೆ ಗೊತ್ತು.

ಈ ಮನೆಯಲ್ಲಿ ನಿನ್ನ ಒಲೆ ಆರದಿರಲಿ. ಇಲ್ಲಿ ಹುಟ್ಟುವ ನಿನ್ನ ಮಕ್ಕಳು, ಯಾರು ಎಲ್ಲಿ ತಡೆದು ನಿನ್ನೂರು ಯಾವುದೆಂದು ಕೇಳಿದರೂ, ತಡವರಿಸದೆ ಈ ಬೀದಿಯ ಹೆಸರು ಹೇಳಲಿ.

ಇಂದಿನವರೆಗೆ ಈ ಮನೆಯವಳಾಗಿದ್ದ,
ಬ್ಲಿಯಾ ಥಾವ್